ಒಂದು ಹನಿ ಜಾಸ್ತಿ
ಡೊಂಬಿವಲಿಯ ನಮ್ಮ ಮನೆಯಲ್ಲಿ ನಿನ್ನೆ ರಾತ್ರಿ ಅಣ್ಣನ ಮಗಳು ಕೇಳಿದಳು, 'ಚಿಕ್ಕಪ್ಪ, ಟೈಟ್ರೇಶನ್‌ನಲ್ಲಿ ಬಣ್ಣ ಬಂದರೆ ಏನು ಗೊತ್ತಾಗುತ್ತೆ?' ಟೈಟ್ರೇಶನ್ ಅಂದರೆ ಗಾಢತೆ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ, ಇನ್ನೊಂದು ದ್ರಾವಣದ ಗಾಢತೆ ಕಂಡುಹಿಡಿಯುವ ಪ್ರಯೋಗ. ಸೂತ್ರ ಅವಳಿಗೆ ಬಾಯಿಪಾಠ. ಅರ್ಥ ಮಾತ್ರ ಆಗಿರಲಿಲ್ಲ.

ಫ್ಲಾಸ್ಕ್‌ನಲ್ಲಿ 25 ಮಿ.ಲೀ. ಹೈಡ್ರೋಕ್ಲೋರಿಕ್ ಆಮ್ಲ ಇದೆ, ಎಷ್ಟು ಗಾಢವೋ ಗೊತ್ತಿಲ್ಲ. ಬ್ಯೂರೆಟ್‌ನಿಂದ (ಅಳತೆ ಗುರುತಿರುವ ಗಾಜಿನ ಕೊಳವೆ) 0.1 ಮೋಲಾರ್ (ಮೋಲಾರ್ ಅಂದರೆ ಗಾಢತೆಯ ಅಳತೆ) ಸೋಡಿಯಂ ಹೈಡ್ರಾಕ್ಸೈಡ್ ಅನ್ನೋ ಕ್ಷಾರವನ್ನು ಹನಿಹನಿಯಾಗಿ ಬಿಡುತ್ತೇವೆ, ಬಿದ್ದ ಪ್ರತಿ ಹನಿಯೂ ತನ್ನ ಪಾಲಿನ ಆಮ್ಲವನ್ನು ತಟಸ್ಥ ಮಾಡುತ್ತಾ ಹೋಗುತ್ತದೆ, ಆಮ್ಲವೆಲ್ಲ ಮುಗಿದ ಮೇಲೆ ಬೀಳುವ ಒಂದೇ ಒಂದು ಹನಿಗೆ ಆಮ್ಲಕ್ಕೆ ಮೊದಲೇ ಹಾಕಿಟ್ಟ ಫಿನಾಫ್ತಲೀನ್ ಅನ್ನೋ ಬಣ್ಣದ ಸೂಚಕ ತಿಳಿ ಗುಲಾಬಿಯಾಗುತ್ತದೆ. ಎಷ್ಟು ಚೆಂದ ಅಲ್ವಾ! ಬಣ್ಣ ಗಾಢವಾದರೆ ಜಾಸ್ತಿ ಬಿದ್ದಿದೆ ಅಂತ ಅರ್ಥ, ಮತ್ತೆ ಮೊದಲಿಂದ ಮಾಡಬೇಕು.

'20 ಮಿ.ಲೀ. ಖರ್ಚಾಗಿದ್ದರೆ?' ಅಂದೆ. ಅವಳೇ 0.1 ಅನ್ನು 20ರಿಂದ ಗುಣಿಸಿ, 25ರಿಂದ ಭಾಗಿಸಿ, 0.08 ಮೋಲಾರ್ ಅಂತ ಬರೆದು ನನ್ನ ಮುಖ ನೋಡಿದಳು.