ಯಂತ್ರ ನಿಂತಾಗ ಕೈಪಿಡಿ ಎಲ್ಲಿರುತ್ತದೆ?

ಯಂತ್ರಗಳ ಬಳಕೆಯ ಕೈಪಿಡಿಗಳನ್ನು ಬರೆದುಕೊಡುವುದು ನನ್ನ ವೃತ್ತಿ. ಕಳೆದ ವರ್ಷ ಯಂತ್ರ ತಯಾರಕರ ಒಂದು ದಿನದ ಸಮಾವೇಶಕ್ಕೆ ಇಬ್ಬರು ಸಹೋದ್ಯೋಗಿಗಳೊಂದಿಗೆ ಹೋಗಿದ್ದೆ. ಹೊಸ ಗ್ರಾಹಕರ ಪರಿಚಯವಾಗಲಿ ಎಂಬ ಒಂದೇ ಉದ್ದೇಶದಿಂದ ಶುಲ್ಕ ಕಟ್ಟಿ ಬಂದಿದ್ದರೂ, ಬೆಳಗಿನ ಗೋಷ್ಠಿ ಮುಗಿದು ಚಹಾ ವಿರಾಮವಾದಾಗ ನಾವು ಮೂವರೂ ಒಂದೇ ಮೇಜಿನ ಸುತ್ತ ನಿಂತು, ಕಚೇರಿಯಲ್ಲಿ ದಿನವೂ ಆಡುವ ಮಾತುಗಳನ್ನೇ ಆಡುತ್ತಿದ್ದೆವು. ಸುತ್ತಲಿನ ಗುಂಪುಗಳೂ ಹಾಗೆಯೇ ಇದ್ದವು. ಒಂದೇ ಸಂಸ್ಥೆಯ ಬಿಲ್ಲೆ ಧರಿಸಿದವರು ಒಂದೆಡೆ ಸೇರಿದ್ದರು.

ಇದು ಮನುಷ್ಯರ ಸಾಮಾನ್ಯ ನಡವಳಿಕೆಯೆಂದು ಕಾಣುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಇಂಗ್ರಾಮ್ ಮತ್ತು ಮೈಕೆಲ್ ಮಾರಿಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೂಟಕ್ಕೆ ಬಂದ ಸುಮಾರು ನೂರು ಮಂದಿ ಅಧಿಕಾರಿಗಳಿಗೆ ಎಲೆಕ್ಟ್ರಾನಿಕ್ ಬಿಲ್ಲೆಗಳನ್ನು ತೊಡಿಸಿ ಯಾರು ಯಾರೊಡನೆ ಮಾತನಾಡಿದರೆಂಬುದನ್ನು ದಾಖಲಿಸಲಾಗಿತ್ತು. ಹೊಸಬರನ್ನು ಕಾಣುವುದೇ ತಮ್ಮ ಮುಖ್ಯ ಉದ್ದೇಶವೆಂದು ಮೊದಲೇ ಹೇಳಿದ್ದವರೂ ಒಳಗೆ ಹೋದ ಮೇಲೆ ಪರಿಚಿತರತ್ತಲೇ ವಾಲಿದ್ದರು. ಈ ಸಂಗತಿ ನೆನಪಾಗಿ, ಊಟಕ್ಕೆ ಮೂವರೂ ಬೇರೆ ಬೇರೆ ಮೇಜುಗಳಲ್ಲಿ ಕೂರೋಣವೆಂದು ಸಹೋದ್ಯೋಗಿಗಳನ್ನು ಒಪ್ಪಿಸಿದೆ. ಒಬ್ಬರಿಗೆ ಇದು ಅಷ್ಟೇನೂ ರುಚಿಸಲಿಲ್ಲ.

ನನ್ನ ಪಕ್ಕದಲ್ಲಿ ಕುಳಿತವರು ಪ್ಯಾಕಿಂಗ್ ಯಂತ್ರಗಳನ್ನು ತಯಾರಿಸುವವರು. ನನ್ನ ಕೆಲಸದ ಬಗ್ಗೆ ಕೇಳಿದ ಕೂಡಲೇ ಅವರು ನಕ್ಕು, “ಕೈಪಿಡಿಯನ್ನು ಯಾರು ಓದುತ್ತಾರೆ ಹೇಳಿ? ಎಲ್ಲವನ್ನೂ ಬರೆದುಕೊಟ್ಟಿದ್ದರೂ ಯಂತ್ರ ನಿಂತ ತಕ್ಷಣ ನಮಗೇ ಫೋನ್ ಮಾಡುತ್ತಾರೆ” ಎಂದರು. ಇಂಥ ಸಂದರ್ಭಕ್ಕೆಂದೇ ವ್ಯವಹಾರ ಕೌಶಲದ ತರಬೇತಿಗಳಲ್ಲಿ ಅರ್ಧ ನಿಮಿಷದ ಸ್ವಪರಿಚಯವನ್ನು ಬಾಯಿಪಾಠ ಮಾಡಿಸುತ್ತಾರೆ. ನನಗೂ ಅದು ಕಂಠಸ್ಥವಾಗಿತ್ತು. ಆದರೆ ಎದುರಿಗಿದ್ದವರು ತಮ್ಮ ತೊಂದರೆಯನ್ನು ತಾವಾಗಿ ಹೇಳಿಕೊಳ್ಳುತ್ತಿರುವಾಗ ನಮ್ಮ ಸಾಮರ್ಥ್ಯದ ವರದಿ ಒಪ್ಪಿಸುವುದು ಅವಿವೇಕವೆನಿಸಿ, ಹೆಚ್ಚಾಗಿ ಯಾವ ದೋಷಕ್ಕೆ ಫೋನ್ ಬರುತ್ತದೆ ಎಂದು ಕೇಳಿದೆ. ಸೆನ್ಸರ್ ಮೇಲೆ ದೂಳು ಕೂರುವುದರಿಂದ ಎಂದರು. ಆ ಹೊತ್ತಿನಲ್ಲಿ ಕೈಪಿಡಿ ಎಲ್ಲಿರುತ್ತದೆ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಮ್ಯಾನೇಜರ್ ಕೋಣೆಯ ಬೀರುವಿನಲ್ಲಿ” ಎಂದರು. ಯಂತ್ರವನ್ನು ನಡೆಸುವ ಕಾರ್ಮಿಕರಿಗೆ ಆ ಬೀರುವಿನ ಬೀಗದ ಕೈ ಸಿಗುವುದಿಲ್ಲ ಎಂಬುದೂ ಅವರದೇ ಮಾತಿನಿಂದ ಹೊರಬಂತು.

ಹಾಗಾದರೆ ಸೆನ್ಸರ್ ಒರೆಸುವ ಕ್ರಮವನ್ನು ಚಿತ್ರಸಹಿತ ಒಂದು ಚೀಟಿಯಲ್ಲಿ ಮುದ್ರಿಸಿ ಯಂತ್ರದ ಮೈಮೇಲೇ ಅಂಟಿಸಬಾರದೇಕೆ ಎಂದೆ. ಎಣ್ಣೆ, ಬಿಸಿ ತಗುಲಿದರೆ ಕಾಗದ ಉಳಿಯುವುದಿಲ್ಲವೆಂದು ಅವರು ಅನುಮಾನಿಸಿದರು. ಕಾರ್ಖಾನೆಗಳಿಗಾಗಿಯೇ ಬಾಳಿಕೆಯ ಲೇಬಲ್‌ಗಳನ್ನು ಮುದ್ರಿಸುವ ಮಹಿಳೆಯೊಬ್ಬರು ಬೆಳಿಗ್ಗೆ ನೋಂದಣಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದರು. ಅವರನ್ನು ಹುಡುಕಿ ಕರೆತಂದು, “ಮೇಡಂ, ಇವರ ಯಂತ್ರಕ್ಕೆ ಎಣ್ಣೆ ತಡೆಯುವ ಲೇಬಲ್ ಬೇಕಾಗಬಹುದು” ಎಂದು ಹೇಳಿ ಇಬ್ಬರನ್ನೂ ಕೂರಿಸಿದೆ. ಪರಿಚಯ ಮಾಡಿಸುವಾಗ ಹೆಸರು, ಹುದ್ದೆಗಳನ್ನಷ್ಟೇ ಹೇಳಿದರೆ ಇಬ್ಬರೂ ಮುಗುಳ್ನಕ್ಕು ಸುಮ್ಮನಾಗುತ್ತಾರೆ. ಒಬ್ಬರ ಅಗತ್ಯವನ್ನೂ ಇನ್ನೊಬ್ಬರ ಕೆಲಸವನ್ನೂ ಒಂದೇ ವಾಕ್ಯದಲ್ಲಿ ಜೋಡಿಸಿದರೆ ಮಾತು ತಾನಾಗಿ ಮುಂದುವರಿಯುತ್ತದೆ. ಅವರು ಅಂಟಿನ ಬಗೆಗಳ ಚರ್ಚೆಗೆ ಇಳಿದಾಗ ನಾನು ಅಲ್ಲಿಂದ ಎದ್ದೆ. ಮಧ್ಯಾಹ್ನದ ಗೋಷ್ಠಿಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಮರುದಿನ ಬೆಳಿಗ್ಗೆ ಇಬ್ಬರಿಗೂ ಬೇರೆ ಬೇರೆ ಇಮೇಲ್ ಬರೆದೆ. ಪ್ಯಾಕಿಂಗ್ ಯಂತ್ರದವರಿಗೆ ಚೀಟಿಯ ಒಂದು ಕರಡನ್ನು ಲಗತ್ತಿಸಿದೆ. ಅದರಲ್ಲಿದ್ದದ್ದು ನಾಲ್ಕು ಸಾಲು ಮಾತ್ರ. ವಿದ್ಯುತ್ ಸಂಪರ್ಕ ಕಡಿದ ಮೇಲೆಯೇ ಒರೆಸಬೇಕೆಂಬ ಎಚ್ಚರಿಕೆಯನ್ನು ಮೊದಲ ಸಾಲಿಗೆ ಹಾಕಿದ್ದೆ. ಪುಕ್ಕಟೆಯಾಗಿ ಏಕೆ ಕೊಟ್ಟಿರಿ ಎಂದು ಸಹೋದ್ಯೋಗಿ ಆಕ್ಷೇಪಿಸಿದರು. ಇಡೀ ಕೈಪಿಡಿಯನ್ನು ಯಾರಿಗೂ ಹಾಗೆ ಬರೆದುಕೊಡಲಾರೆ, ಕೊಡಲೂಬಾರದು. ಆದರೆ ಅರ್ಧ ಗಂಟೆಯ ಕೆಲಸದಿಂದ ನನ್ನ ಬರವಣಿಗೆ ಹೇಗಿರುತ್ತದೆಂದು ಅವರಿಗೆ ತಿಳಿಯುವುದಾದರೆ ಅದು ಬಣ್ಣದ ಮಾಹಿತಿಪತ್ರಕ್ಕಿಂತ ಅಗ್ಗವೇ.

ಕೆಲವು ತಿಂಗಳ ಬಳಿಕ ಕೆಲಸ ಬಂದದ್ದು ಲೇಬಲ್ ಮುದ್ರಿಸುವವರ ಕಡೆಯಿಂದ. ಅವರ ಇನ್ನೊಬ್ಬ ಗ್ರಾಹಕರಿಗೆ ಸುರಕ್ಷತಾ ಸೂಚನೆಗಳನ್ನು ಬರೆಯುವವರು ಬೇಕಾಗಿದ್ದರು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿಯೂ ಇಂಥದೇ ಚಿತ್ರವಿದೆ: ಪರಿಚಿತರ ಮೂಲಕ ಹೊಸ ಉದ್ಯೋಗ ಪಡೆದವರಲ್ಲಿ, ಸುದ್ದಿ ಕೊಟ್ಟವರನ್ನು ಆಗಾಗ್ಗೆ ಭೇಟಿಯಾಗುತ್ತಿದ್ದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ, ಉಳಿದವರಿಗೆ ಸುದ್ದಿ ತಲುಪಿಸಿದ್ದು ಅಪರೂಪಕ್ಕೋ ಎಂದಾದರೊಮ್ಮೆಯೋ ಕಾಣುವವರು. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ನಾವು ಕಾಲಿಡದ ವಲಯದ ಸುದ್ದಿ ಅಲ್ಲಿ ಓಡಾಡುವವರಿಂದಲೇ ಬರಬೇಕು.

ಅಂದಿನಿಂದ ಹೊಸದಾಗಿ ಪರಿಚಯವಾದವರ ಹೆಸರಿನ ಮುಂದೆ ಹುದ್ದೆಯ ಜೊತೆಗೆ ಅವರನ್ನು ಕಾಡುತ್ತಿದ್ದ ಸಮಸ್ಯೆಯನ್ನೂ ಬರೆದಿಡುತ್ತೇನೆ. ಅದಕ್ಕೆ ಸಂಬಂಧಿಸಿದ ಏನಾದರೂ ಕಣ್ಣಿಗೆ ಬಿದ್ದರೆ ಎರಡು ಸಾಲು ಬರೆದು ಕಳಿಸುತ್ತೇನೆ. ಎಲ್ಲರಿಗೂ ಒಟ್ಟಾಗಿ ಕಳಿಸುತ್ತಿದ್ದ ಶುಭಾಶಯಗಳನ್ನು ನಿಲ್ಲಿಸಿದ್ದೇನೆ. ಪ್ಯಾಕಿಂಗ್ ಯಂತ್ರದವರು ಈವರೆಗೂ ನನಗೆ ಕೈಪಿಡಿಯ ಕೆಲಸ ಕೊಟ್ಟಿಲ್ಲ. ಚೀಟಿ ಅಂಟಿಸಿದ ಮೇಲೆ ಫೋನ್‌ಗಳು ಕಡಿಮೆಯಾಗಿವೆಯಂತೆ. ಈಗ ಎರಡನೆಯ ಚೀಟಿಗೆ ಬೆಲೆ ಎಷ್ಟೆಂದು ಕೇಳಿದ್ದಾರೆ.