ಆಗುಂಬೆಯಲ್ಲಿ ಮಳೆ, ಮತ್ತೆ ಉಳಿದ ತಿಂಗಳುಗಳು

ಹೆಬ್ರಿ ದಾಟಿ ಸೋಮೇಶ್ವರ ಮುಟ್ಟುವಷ್ಟರಲ್ಲಿ ಮಿನಿ ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿಕೊಂಡಿದ್ದವು. ಒಳಗೆ ಒದ್ದೆ ಕೊಡೆಗಳ ವಾಸನೆ, ಮೀನಿನ ಬುಟ್ಟಿ, ಮಂಜು ಕಟ್ಟಿದ ಗಾಜು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗುವುದು ಕಷ್ಟ. ಅದಕ್ಕೇ ಇಲ್ಲಿ ಮಿನಿ ಬಸ್ಸುಗಳದ್ದೇ ರಾಜ್ಯ. ಮಳೆಗಾಲದಲ್ಲಿ ಗುಡ್ಡ ಜರಿದರೆ ಭಾರಿ ವಾಹನಗಳನ್ನು ಪೂರ್ತಿ ನಿಲ್ಲಿಸಿಬಿಡುತ್ತಾರೆ.

ನಾನು ಹೋದದ್ದು ಜುಲೈನಲ್ಲಿ. ಕೆಳಗೆ ಸೋಮೇಶ್ವರದಲ್ಲಿ ಬಿದ್ದದ್ದು ಕರಾವಳಿಯ ಮಾಮೂಲಿ ಮಳೆ. ಧೋ ಅಂತ ಸುರಿದು, ಸ್ವಲ್ಪ ಬಿಟ್ಟು, ಮತ್ತೆ ಸುರಿಯಿತು. ನಾಲ್ಕೈದು ತಿರುವು ಹತ್ತಿದ ಮೇಲೆ ಆ ಬಿಡುವು ಇಲ್ಲವಾಯಿತು. ಬಸ್ಸು ಮೋಡದೊಳಗೆ ನುಗ್ಗಿತ್ತು. ಚಾಲಕರಿಗೆ ಮುಂದಿನ ತಿರುವು ಕಾಣುತ್ತಿತ್ತೋ ಇಲ್ಲವೋ, ಅವರ ಕೈಗೆ ಮಾತ್ರ ಗೊತ್ತಿತ್ತು.

ಇಲ್ಲಿ ಇಷ್ಟು ಮಳೆ ಯಾಕೆ ಅನ್ನುವುದು ಈ ಹತ್ತು ಕಿಲೋಮೀಟರ್ ಚಿಲ್ಲರೆ ದಾರಿಯಲ್ಲೇ ತಿಳಿಯುತ್ತದೆ. ಅರಬ್ಬೀ ಸಮುದ್ರ ನೇರ ಗೆರೆಯಲ್ಲಿ 50 ಕಿಮೀ ಕೂಡ ದೂರವಿಲ್ಲ. ಅಲ್ಲಿಂದ ನೀರು ಹೊತ್ತು ಬರುವ ಗಾಳಿಗೆ ನಡುವೆ ಹೇಳಿಕೊಳ್ಳುವಂಥ ಅಡ್ಡಿ ಇಲ್ಲ. ಆಮೇಲೆ ಒಮ್ಮೆಲೇ ಘಟ್ಟದ ಗೋಡೆ. ಗಾಳಿ ಮೇಲೇರಲೇಬೇಕು. ಏರಿದರೆ ತಣ್ಣಗಾಗುತ್ತದೆ, ತಣ್ಣಗಾದರೆ ಹೊತ್ತದ್ದನ್ನು ಇಳಿಸುತ್ತದೆ. ಆಗುಂಬೆ ಕೂತಿರುವುದು ಆ ಗೋಡೆಯ ತುದಿಯಲ್ಲೇ, 640 ಮೀಟರ್ ಆಸುಪಾಸಿನ ಎತ್ತರದಲ್ಲಿ.

ವರ್ಷಕ್ಕೆ ಸರಾಸರಿ 7,600 ಮಿಮೀ ಮಳೆ ಅಂತ ಎಲ್ಲರೂ ಓದಿರುತ್ತೇವೆ. ಒಂದು ಮಿಮೀ ಮಳೆ ಅಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಅಂದರೆ ಜಗುಲಿಯಲ್ಲಿ ನೀವು ಕುರ್ಚಿ ಹಾಕಿಕೊಂಡು ಕೂರುವಷ್ಟು ಜಾಗಕ್ಕೆ ವರ್ಷಕ್ಕೆ 7,600 ಲೀಟರ್! 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಮೀ ಸುರಿದ ದಾಖಲೆಯೂ ಇದೆ. ‘ದಕ್ಷಿಣದ ಚಿರಾಪುಂಜಿ’ ಅನ್ನುವ ಬಿರುದು ಹಾಗೆ ಬಂದದ್ದು. ಈಗೀಗ ಹೊಸನಗರ ತಾಲ್ಲೂಕಿನ ಹುಲಿಕಲ್ ಕಡೆಯ ಲೆಕ್ಕ ಎಷ್ಟೋ ವರ್ಷ ಆಗುಂಬೆಯನ್ನು ಹಿಂದಿಕ್ಕುತ್ತದೆ. ಈ ಮಾತು ತೆಗೆದರೆ ಆಗುಂಬೆಯವರಿಗೆ ಅಷ್ಟೇನೂ ಬೇಜಾರಿಲ್ಲ. ‘ಹೋಗ್ಲಿ ಬಿಡಿ, ಅವರಿಗೇ ಇರ್ಲಿ’ ಅನ್ನುತ್ತಾರೆ.

ನಾನು ಉಳಿದದ್ದು ಊರಿನಿಂದ ಸ್ವಲ್ಪ ಒಳಗಿನ ಒಂದು ಅಡಿಕೆ ತೋಟದ ಮನೆಯಲ್ಲಿ. ಮನೆಯ ಯಜಮಾನರಿಗೆ ಮಳೆ ಬರೆದಿಡುವ ಹುಚ್ಚು. ಅಂಗಳದ ಬಯಲಲ್ಲಿ ಕಂಬಕ್ಕೆ ಕಟ್ಟಿದ ಮಳೆ ಮಾಪಕ. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹೋಗಿ ನೀರನ್ನು ಅಳತೆ ಗ್ಲಾಸಿಗೆ ಸುರಿಯುತ್ತಾರೆ. ಗ್ಲಾಸು ತುಂಬುತ್ತದೆ, ಚೆಲ್ಲುತ್ತಾರೆ, ಮತ್ತೆ ತುಂಬುತ್ತದೆ. ಬಾಯಲ್ಲಿ ಎಣಿಕೆ. ಆ ದಿನ ನೂರರ ಗಡಿ ದಾಟಿತ್ತು. ಅವರ ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ. ಒಂದೇ ದಿನ 64.5 ಮಿಮೀ ದಾಟಿದರೆ ಹವಾಮಾನ ಇಲಾಖೆ ಅದನ್ನು ಭಾರಿ ಮಳೆ ಅನ್ನುತ್ತದೆ. 204.5 ದಾಟಿದರೆ ಅತ್ಯಂತ ಭಾರಿ. ಇವರ ಪುಸ್ತಕದಲ್ಲಿ ಎರಡೂ ಥರದ ದಿನಗಳು ಸಾಲುಸಾಲಾಗಿ ಇದ್ದವು.

ಆ ಪುಸ್ತಕ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯದು. ಎಡಗಡೆ ತಾರೀಖು, ನಡುವೆ ಅಂಕಿ, ಬಲಗಡೆ ಪೆನ್ಸಿಲಿನಲ್ಲಿ ಎರಡು ಮಾತು. ‘ಹತ್ತುಮೀನು ಶುರು’ (ಹೊಸ ನೀರಿಗೆ ಎದುರಾಗಿ ಹತ್ತಿ ಬರುವ ಮೀನು). ‘ನೆಟ್ಟಿ ಮುಗೀತು.’ ‘ಎರಡನೇ ಔಷಧಿ ಆಗಲಿಲ್ಲ.’ ‘ಕರೆಂಟ್ ಇಲ್ಲ.’ ಈ ಕೊನೆಯದು ಎಷ್ಟು ಕಡೆ ಇತ್ತೆಂದರೆ ಅವರೇ ಆಮೇಲೆ ಬರೀ ‘ಕ.ಇ.’ ಅಂತ ಚಿಕ್ಕದು ಮಾಡಿದ್ದರು. ತಿಂಗಳ ಹೆಸರಿಗಿಂತ ಮಳೆ ನಕ್ಷತ್ರದ ಹೆಸರು ದಪ್ಪಗೆ ಬರೆದಿತ್ತು: ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ. ಒಂದೊಂದೂ ಸುಮಾರು ಎರಡು ವಾರ. ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಅನ್ನುವ ಗಾದೆ ಬಯಲುಸೀಮೆಯವರಿಗೆ ಜೀವದ ಪ್ರಶ್ನೆ. ಇಲ್ಲಿ ಮಳೆ ಆಗುತ್ತದೋ ಇಲ್ಲವೋ ಅನ್ನುವ ಚಿಂತೆ ಕಡಿಮೆ. ಯಾವಾಗ ಸ್ವಲ್ಪ ಬಿಡುತ್ತದೆ ಅನ್ನುವುದೇ ಚಿಂತೆ.

ಅಡಿಕೆಯವರನ್ನು ಕೇಳಿದರೆ ಇದು ಸರಿಯಾಗಿ ಅರ್ಥವಾಗುತ್ತದೆ. ಮಳೆ ಹಿಡಿಯುವ ಮುಂಚೆ, ಮೇ ಕೊನೆಗೆ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಯಬೇಕು. ನಲವತ್ತು ದಿನ ಆಸುಪಾಸಿಗೆ ಮತ್ತೊಮ್ಮೆ. ಆ ಎರಡನೇ ಸಲಕ್ಕೆ ಅರ್ಧ ದಿನದ ಒಣ ಹವೆ ಬೇಕು. ಜುಲೈ ಮಧ್ಯದಲ್ಲಿ ಅರ್ಧ ದಿನದ ಒಣ ಹವೆ ಎಲ್ಲಿಂದ ತರುವುದು? ತಪ್ಪಿದರೆ ಕೊಳೆರೋಗ ಬಂದು ಎಳೆಗಾಯಿ ಉದುರುತ್ತದೆ. ಯಜಮಾನರು ರಾತ್ರಿ ಊಟದ ನಡುವೆ ಎದ್ದು ಜಗುಲಿಗೆ ಹೋಗಿ ಕಿವಿಗೊಟ್ಟು ಬರುತ್ತಿದ್ದರು. ಹೆಂಚಿನ ಮೇಲಿನ ಸದ್ದು ಸಣ್ಣಗಾಗುತ್ತಿದೆಯಾ ಅಂತ. ಮರುದಿನ ಮಧ್ಯಾಹ್ನ ಒಂದು ಗಂಟೆ ಬಿಸಿಲು ಬಂತು. ಮರ ಹತ್ತುವವರಿಗೆ ಫೋನ್ ಮಾಡಿದರೆ ನೆಟ್‌ವರ್ಕ್ ಇಲ್ಲ. ಅಷ್ಟರಲ್ಲಿ ಪಶ್ಚಿಮದ ಗುಡ್ಡ ಮತ್ತೆ ಮರೆಯಾಯಿತು.

ಪ್ರವಾಸಿಗರು ಬರುವುದೇ ಈ ಮಳೆ ನೋಡಲು. ನಾನೂ ಹಾಗೇ ಬಂದವನು. ಒಂದು ಮಾತು ಹೇಳಬೇಕು: ಜುಲೈನಲ್ಲಿ ಸೂರ್ಯಾಸ್ತದ ಕಟ್ಟೆಗೆ ಹೋಗಿ ನಿಂತರೆ ಸೂರ್ಯನೂ ಇಲ್ಲ, ಅಸ್ತವೂ ಇಲ್ಲ, ಬಿಳಿ ಗೋಡೆ ಅಷ್ಟೇ. ಕುಂದಾದ್ರಿ ಬೆಟ್ಟದ ಮೇಲೂ ಅದೇ ಕಥೆ. ಕಾಡಿನ ದಾರಿಯಲ್ಲಿ ರಕ್ತ ಹೀರುವ ಇಂಬಳಗಳು ಕಾದಿರುತ್ತವೆ. ಸುಣ್ಣ, ಹೊಗೆಸೊಪ್ಪಿನ ನೀರು, ಉಪ್ಪು ಏನು ಹಚ್ಚಿಕೊಂಡರೂ ಒಂದಾದರೂ ಕಾಲ್ಬೆರಳ ಸಂದಿ ಸೇರಿಯೇ ಸೇರುತ್ತದೆ. ಬಟ್ಟೆ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹರವುತ್ತಾರೆ, ಒಣಗಿದ ಮೇಲೆ ಎಲ್ಲದಕ್ಕೂ ಹೊಗೆಯ ಘಮ. ಹಗಲಲ್ಲೂ ಉಷ್ಣತೆ 25 ಡಿಗ್ರಿ ಮುಟ್ಟುವುದು ಅಪರೂಪ. ಆದರೂ ಹಲಸಿನ ಹಪ್ಪಳ, ಕಳಲೆ ಪಲ್ಯ, ಕೆಸುವಿನ ಪತ್ರೊಡೆ ಸಿಗುವುದು ಈಗಲೇ ಅಲ್ವಾ? ಆ ಮಟ್ಟಿಗೆ ನನ್ನದೇನೂ ದೂರಿಲ್ಲ.

ನಿಜ ಹೇಳಬೇಕೆಂದರೆ ನನಗೆ ಕುತೂಹಲ ಹುಟ್ಟಿಸಿದ್ದು ಆ ಪುಸ್ತಕದ ಖಾಲಿ ಪುಟಗಳು. ಡಿಸೆಂಬರ್, ಜನವರಿ, ಫೆಬ್ರವರಿ ಪೂರ್ತಿ ಸೊನ್ನೆ, ಸೊನ್ನೆ, ಸೊನ್ನೆ. ವರ್ಷದ ಮಳೆಯೆಲ್ಲ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿಯುತ್ತದೆ. ಅದರಲ್ಲೂ ಸಿಂಹಪಾಲು ಜುಲೈ, ಆಗಸ್ಟ್‌ನದು. ಅಕ್ಟೋಬರ್‌ನಲ್ಲಿ ಮಳೆಯ ಗುಣವೇ ಬೇರೆ. ಬೆಳಿಗ್ಗೆ ಬಿಸಿಲು, ಸಂಜೆ ಪೂರ್ವದ ಕಡೆಯಿಂದ ಗುಡುಗು, ಒಂದು ಗಂಟೆ ಹೊಯ್ದು ನಿಲ್ಲುತ್ತದೆ. ಮುಂಗಾರಿನಲ್ಲಿ ಗುಡುಗು ಕೇಳುವುದೇ ಕಡಿಮೆ, ಹಿಂಗಾರಿನಲ್ಲಿ ಅದಿಲ್ಲದೆ ಮಳೆಯೇ ಇಲ್ಲ.

ಆಮೇಲೊಮ್ಮೆ ಜನವರಿಯಲ್ಲಿ ಹೋದಾಗ ಅದೇ ಊರನ್ನು ಗುರುತು ಹಿಡಿಯುವುದು ಕಷ್ಟವಾಯಿತು. ರಾತ್ರಿ 15 ಡಿಗ್ರಿ ಆಸುಪಾಸಿನ ಚಳಿ. ಬೆಳಿಗ್ಗೆ ಗದ್ದೆ ಬಯಲಲ್ಲಿ ಇಬ್ಬನಿ, ಹತ್ತು ಗಂಟೆಗೆ ತಿಳಿ ನೀಲಿ ಆಕಾಶ. ಅಂಗಳದ ತುಂಬ ಬೇಯಿಸಿದ ಕೆಂಪಡಿಕೆ ಹರವಿದ್ದರು. ಈಗ ಒಂದು ಹನಿ ಬಿದ್ದರೂ ನಷ್ಟ. ಸೂರ್ಯಾಸ್ತದ ಕಟ್ಟೆಯಲ್ಲಿ ಜನಜಂಗುಳಿ. ಗಾಳಿ ಶುಭ್ರವಾಗಿದ್ದ ಸಂಜೆ ಸೂರ್ಯ ದೂರದ ಸಮುದ್ರಕ್ಕಿಳಿಯುವುದು ಕಾಣುತ್ತದೆ. ಘಟ್ಟದ ಕೆಳಗಿನ ಊರುಗಳ ದೀಪಗಳೂ ಕಾಣುತ್ತವೆ.

ಏಪ್ರಿಲ್‌ಗೆ ಇನ್ನೊಂದು ಮುಖ. ಹಗಲು 30 ಡಿಗ್ರಿ ದಾಟುತ್ತದೆ. ತೋಡುಗಳು ಸೊರಗಿ ಕಲ್ಲು ತೋರುತ್ತವೆ. ಒನಕೆ ಅಬ್ಬಿ, ಬರ್ಕಣ ಜಲಪಾತಗಳ ಕಡೆ ನೀರು ಕಾಣಬೇಕೆಂದು ಬಂದವರು ಬಂಡೆ ನೋಡಿ ಹೋಗುತ್ತಾರೆ. ಇಷ್ಟು ಮಳೆ ಬೀಳುವ ಊರಲ್ಲಿ ಬೇಸಿಗೆಗೆ ನೀರಿನ ಚಿಂತೆ ಅಂದರೆ ನಂಬುವುದು ಕಷ್ಟ. ಆದರೆ ಇಳಿಜಾರು ನೋಡಿದರೆ ಕಾರಣ ಕಾಣುತ್ತದೆ. ಊರು ಇರುವುದೇ ನೀರು ಕವಲೊಡೆಯುವ ಜಾಗದಲ್ಲಿ. ಪಶ್ಚಿಮಕ್ಕೆ ಬಿದ್ದದ್ದು ಸೀತಾ ನದಿ ಹಿಡಿದು ಅರಬ್ಬೀ ಸಮುದ್ರಕ್ಕೆ ಓಡುತ್ತದೆ. ಪೂರ್ವದ್ದು ಮಾಲತಿ ಹೊಳೆ ಸೇರಿ, ತುಂಗೆ, ತುಂಗಭದ್ರೆ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ. ಊರಿಗೆ ಉಳಿಯುವುದು ಕಾಡು ಹಿಡಿದಿಟ್ಟುಕೊಂಡಷ್ಟು ಮಾತ್ರ.

ಮಳೆ, ಬೇಸಿಗೆಯ ಈ ಲೆಕ್ಕಾಚಾರ ಕಾಳಿಂಗ ಸರ್ಪಕ್ಕೂ ಗೊತ್ತಿದೆ. ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ ಮೇಲೆ ಈ ಹಾವಿನ ಬಗ್ಗೆ ಸಾಕಷ್ಟು ಕೆಲಸ ಆಗಿದೆ. ಹೆಣ್ಣು ಹಾವು ಬೇಸಿಗೆಯ ಕೊನೆಗೆ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಮರಿ ಹೊರಬರುವುದು ಮಳೆ ಜೋರಾಗಿರುವಾಗ. ಅಷ್ಟು ಮಳೆಯಲ್ಲೂ ಗೂಡಿನ ಒಳಗೆ ಮೊಟ್ಟೆ ಕೊಳೆಯುವುದಿಲ್ಲ. ಮೇ ತಿಂಗಳಲ್ಲಿ ಹೆಂಚು ಸರಿಪಡಿಸಿ, ಕಟ್ಟಿಗೆ ಕೊಟ್ಟಿಗೆ ತುಂಬಿಸುವ ಊರಿನವರ ಗಡಿಬಿಡಿಯೂ ಅದೇ ಹೊತ್ತಿನದು.

ಜುಲೈನ ಆ ಪ್ರವಾಸದಿಂದ ವಾಪಸ್ ಬರುವಾಗ ಪೂರ್ವದ ದಾರಿ ಹಿಡಿದೆ. ಆಗುಂಬೆಯಿಂದ ಶಿವಮೊಗ್ಗಕ್ಕೆ 100 ಕಿಮೀ ಒಳಗೇ. ಗುಡ್ಡೇಕೇರಿ ಹೊತ್ತಿಗೆ ಬಸ್ಸಿನ ವೈಪರ್ ನಿಧಾನವಾಯಿತು. ತೀರ್ಥಹಳ್ಳಿ ಸೇತುವೆಯ ಕೆಳಗೆ ತುಂಗೆ ಕೆಂಪಾಗಿ, ಎರಡೂ ದಡ ಹಿಡಿದು ಹರಿಯುತ್ತಿತ್ತು. ಮೇಲೆ ಮಾತ್ರ ಜಿನುಗು ಮಳೆ. ಮಂಡಗದ್ದೆಯಲ್ಲಿ ನದಿ ನಡುವಿನ ಮರಗಳ ತುಂಬ ಬೆಳ್ಳಕ್ಕಿ ಗೂಡು, ಮೋಡದ ನಡುವೆ ಬಿಸಿಲು. ಗಾಜನೂರಿನ ಅಣೆಕಟ್ಟೆ ದಾಟುವಾಗ ರಸ್ತೆ ಒಣಗಿತ್ತು. ಆಗುಂಬೆಯಲ್ಲಿ ಏಳೂವರೆ ಸಾವಿರ ಮಿಮೀ ದಾಟುವ ವರ್ಷದ ಮಳೆ ಇಲ್ಲಿ ಬರೀ ಸಾವಿರದ ಆಸುಪಾಸು.

ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ಟೀ ಕುಡಿಯುತ್ತಾ ಒದ್ದೆ ಕೊಡೆ ಬಿಡಿಸಿ ಪಕ್ಕಕ್ಕಿಟ್ಟೆ. ಅಂಗಡಿಯವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ‘ಎಲ್ಲಿಂದ ಬಂದ್ರಿ? ಈ ಸಲ ಮಳೆನೇ ಇಲ್ಲ ಕಣ್ರೀ’ ಅಂದರು.