ಶಾಂಪೂವಿನಲ್ಲಿ ಲಿಲಿಯಲ್ ಇದೆಯಂತೆ, ಬಿಸಾಡಬೇಕಾ?

"ಬಾಟಲಿ ಹಿಂದೆ ಬ್ಯುಟೈಲ್‌ಫೀನೈಲ್ ಮೀಥೈಲ್‌ಪ್ರೊಪಿಯೊನಾಲ್ ಅಂತ ಬರೆದಿದೆ. ಯುರೋಪಿನಲ್ಲಿ ಇದನ್ನ ಬ್ಯಾನ್ ಮಾಡಿದ್ದಾರಂತೆ. ಇಷ್ಟು ದಿನ ಹಚ್ಚಿಕೊಂಡಿದ್ದೀವಲ್ಲ, ಏನಾದರೂ ಆಗುತ್ತಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಬಸುರಿಯರು, ಇಲ್ಲವೇ ಮಗುವಿನ ನಿರೀಕ್ಷೆಯಲ್ಲಿರುವವರು. ಹಾಗಾಗಿ ಮೊದಲು ಉತ್ತರ, ಆಮೇಲೆ ವಿವರ.

ಹಚ್ಚಿಕೊಂಡು ಹಾಗೇ ಬಿಡುವಂಥದ್ದಾದರೆ, ಅಂದರೆ ಸೆಂಟು, ಡಿಯೋಡರೆಂಟ್, ಬಾಡಿ ಲೋಷನ್, ಮುಖದ ಕ್ರೀಮ್ ಆದರೆ, ಇವತ್ತೇ ನಿಲ್ಲಿಸಿ. ಶಾಂಪೂ, ಸೋಪಿನಂತೆ ತೊಳೆದುಹೋಗುವಂಥದ್ದಾದರೆ ಗಾಬರಿ ಬೇಡ, ಮುಂದಿನ ಸಲ ಬೇರೆ ತನ್ನಿ. ಬಸುರಿಯಾಗಿದ್ದರೆ ಅದನ್ನೂ ಈಗಲೇ ಬದಲಿಸುವುದು ಒಳ್ಳೆಯದು. ಇಷ್ಟು ದಿನ ಬಳಸಿದ್ದರಿಂದ ಕೆಡುಕು ಆಗಿಯೇ ಹೋಗಿದೆ ಎಂದು ಹೇಳಲು ಆಧಾರವಿಲ್ಲ.

ಲಿಲಿಯಲ್ ಎನ್ನುವುದು ಇದೇ ವಸ್ತುವಿನ ವ್ಯಾಪಾರದ ಹೆಸರು, ಲಿಸ್ಮೆರಾಲ್ ಇನ್ನೊಂದು. ಯುರೋಪಿನಲ್ಲಿ ಮೇ ತಿಂಗಳ ಹೊತ್ತಿಗೆ ಗಂಟೆಯಾಕಾರದ ಪುಟ್ಟ ಬಿಳಿ ಹೂ ಬಿಡುವ ಲಿಲಿ ಆಫ್ ದ ವ್ಯಾಲಿ ಎಂಬ ಗಿಡವಿದೆ. ಮಲ್ಲಿಗೆಯಿಂದ ಸುಗಂಧಸಾರ ತೆಗೆಯುವಂತೆ ಆ ಹೂವಿನಿಂದ ಬಳಕೆಗೆ ಸಾಕಾಗುವಷ್ಟು ಸಾರ ಸಿಗುವುದಿಲ್ಲ. ಅದರ ಘಮ ಬೇಕಿದ್ದರೆ ರಸಾಯನಶಾಲೆಯಲ್ಲೇ ಕಟ್ಟಬೇಕು. ಹಾಗೆ ಕಟ್ಟಲು ದಶಕಗಳ ಕಾಲ ಕೈಗೆ ಬಂದದ್ದು ಲಿಲಿಯಲ್. ಸಾಬೂನಿನ ಕ್ಷಾರಕ್ಕೂ ಬಟ್ಟೆ ಪುಡಿಗೂ ಹೊಂದಿಕೊಳ್ಳುತ್ತದೆ, ಅಗ್ಗವೂ ಹೌದು. "ಈಗ ತಾನೇ ಒಗೆದ ಬಟ್ಟೆಯ ವಾಸನೆ" ಎಂದು ನಾವು ಗುರುತಿಸುವ ಪರಿಮಳದಲ್ಲಿ ಇದರ ಪಾಲು ದೊಡ್ಡದು.

ತೊಂದರೆ ಕಂಡದ್ದು ಪ್ರಾಣಿಗಳ ಪರೀಕ್ಷೆಯಲ್ಲಿ. ಬಾಯಿಯ ಮೂಲಕ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಗಂಡು ಇಲಿಗಳ ವೃಷಣಕ್ಕೆ ಹಾನಿಯಾಯಿತು, ವೀರ್ಯಾಣುಗಳ ಸಂಖ್ಯೆ ಕುಗ್ಗಿತು. ಇಲಿಯ ಯಕೃತ್ತು ಲಿಲಿಯಲ್ಲನ್ನು ಟರ್ಷರಿ-ಬ್ಯುಟೈಲ್ ಬೆಂಜಾಯಿಕ್ ಆಮ್ಲವಾಗಿ ಒಡೆಯುತ್ತದೆ. ಆ ಆಮ್ಲ ಕೋಎಂಜೈಮ್-ಎ ಎಂಬ, ಕೋಶದ ಕೆಲಸಕ್ಕೆ ಬೇಕಾದ ಸಹಾಯಕ ವಸ್ತುವಿನ ಜೊತೆ ಕೂಡಿಕೊಂಡು ಜೀವಕೋಶದಲ್ಲಿ ಶೇಖರವಾಗುತ್ತದೆ. ಹಾನಿಗೆ ಈ ಶೇಖರಣೆಯೇ ಕಾರಣ, ಮನುಷ್ಯರ ಯಕೃತ್ತಿನ ಕೋಶಗಳಲ್ಲಿ ಹೀಗೆ ಶೇಖರವಾಗುವುದಿಲ್ಲ ಎಂಬುದು ತಯಾರಕರ ವಾದ. ವಾದದಲ್ಲಿ ತಿರುಳಿಲ್ಲದಿಲ್ಲ. ಆದರೆ ಇಲಿಯ ಫಲಿತಾಂಶ ಮನುಷ್ಯರಿಗೆ ಸಂಬಂಧಿಸಿದ್ದಲ್ಲ ಎಂದು ಪಕ್ಕಕ್ಕಿಡಲು ಅಷ್ಟು ಪುರಾವೆ ಸಾಲದು ಎಂದು ಯುರೋಪಿನ ತಜ್ಞರ ಸಮಿತಿ ತೀರ್ಮಾನಿಸಿತು. ಹೀಗೆ ಅದು "1ಬಿ" ವರ್ಗಕ್ಕೆ ಸೇರಿತು. ಮನುಷ್ಯರಲ್ಲೇ ಹಾನಿ ಸಾಬೀತಾದದ್ದು 1ಎ. ಮುಖ್ಯವಾಗಿ ಪ್ರಾಣಿಗಳ ಪುರಾವೆಯ ಮೇಲೆ, ಮನುಷ್ಯರ ಸಂತಾನಶಕ್ತಿಗೂ ಹಾನಿಕರವೆಂದು ಭಾವಿಸಲೇಬೇಕಾದದ್ದು 1ಬಿ. ಈ ವರ್ಗದ ವಸ್ತುವಿಗೆ ವಿಶೇಷ ವಿನಾಯಿತಿ ಸಿಗದಿದ್ದರೆ ಯುರೋಪಿನ ಪ್ರಸಾಧನಗಳಲ್ಲಿ ಜಾಗವಿಲ್ಲ. ವಿನಾಯಿತಿ ಸಿಗಲಿಲ್ಲ. 2022ರ ಮಾರ್ಚ್ 1ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರಾಟ ನಿಂತಿತು, ಅಂಗಡಿಯಲ್ಲಿದ್ದ ಹಳೇ ಸ್ಟಾಕಿಗೂ ರಿಯಾಯಿತಿ ಇರಲಿಲ್ಲ.

"ಬಾಟಲಿಯಲ್ಲಿ ಇರುವುದು ಚೂರೇ ಚೂರು, ಅದರಿಂದೇನು?" ಎನ್ನುವವರು ಈ ಲೆಕ್ಕ ನೋಡಿ. ಪ್ರಸಾಧನಗಳ ಸುರಕ್ಷತೆ ನೋಡುವ ಯುರೋಪಿನ ವಿಜ್ಞಾನಿಗಳ ಸಮಿತಿ 2019ರಲ್ಲಿ ಹಿಡಿದ ಆಧಾರ: ಇಲಿಗಳಲ್ಲಿ ಹಾನಿ ಕಾಣದ ಪ್ರಮಾಣ, ದೇಹತೂಕದ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ. ಮನುಷ್ಯರಿಗೆ ಅನ್ವಯಿಸುವಾಗ ಅದರ ನೂರರಲ್ಲಿ ಒಂದು ಪಾಲಿನ ಒಳಗಿರಬೇಕು ಎಂಬುದು ರೂಢಿ. 60 ಕಿಲೋ ತೂಕದವರಿಗೆ ಅದು ದಿನಕ್ಕೆ 3 ಮಿಲಿಗ್ರಾಂ ಆಗುತ್ತದೆ. ತಯಾರಕರು ಕೇಳಿದ್ದ ಮಿತಿ ಸೆಂಟಿಗೆ ಶೇ. 1.42, ಲೋಷನ್‌ಗೆ ಶೇ. 0.06. ಮುಕ್ಕಾಲು ಗ್ರಾಂ ಸೆಂಟು ಹಾಕಿಕೊಂಡರೆ ಚರ್ಮದ ಮೇಲೆ ಸುಮಾರು 10 ಮಿಲಿಗ್ರಾಂ, 8 ಗ್ರಾಂ ಲೋಷನ್ ಹಚ್ಚಿದರೆ ಸುಮಾರು 5. ಲೆಕ್ಕಕ್ಕೆ ಅನುಕೂಲವಾಗಲೆಂದು ಹತ್ತರಲ್ಲೊಂದು ಪಾಲು ಒಳಗಿಳಿಯುತ್ತದೆ ಎಂದಿಟ್ಟುಕೊಳ್ಳೋಣ: ಒಂದೂವರೆ ಮಿಲಿಗ್ರಾಂ. ಎರಡೇ ವಸ್ತುವಿಗೆ ಅರ್ಧ ದಾರಿ ಮುಗಿಯಿತು. ಇದರ ಮೇಲೆ ಡಿಯೋಡರೆಂಟ್, ಕೈಗೆ ಕ್ರೀಮ್, ಮೇಕಪ್. ಬಿಡಿಬಿಡಿಯಾಗಿ ಯಾವುದೂ ಗೆರೆ ದಾಟುವುದಿಲ್ಲ, ಆದರೆ ಎಲ್ಲ ಕೂಡಿಸಿದಾಗ ಸುರಕ್ಷಿತ ಎನ್ನಲಾಗದು ಎಂದೇ ಸಮಿತಿ ಹೇಳಿತು. ಅದೂ ಬಟ್ಟೆ ಪುಡಿ, ನೆಲ ಒರೆಸುವ ದ್ರವಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ. ಅದಕ್ಕೇ "ನಮ್ಮ ಒಂದು ಬಾಟಲಿಯಿಂದ ಏನೂ ಆಗಲ್ಲ" ಎಂಬ ಮಾತು ನಿಜವಾಗಿದ್ದೂ ಪೂರ್ತಿ ಉತ್ತರವಲ್ಲ. ತೊಳೆದುಹೋಗುವ ವಸ್ತುಗಳಿಗೆ ಭಯ ಕಮ್ಮಿ ಎಂದದ್ದಕ್ಕೂ ಕಾರಣ ಲೆಕ್ಕದಲ್ಲೇ ಇದೆ: ಸ್ನಾನದ ಜೆಲ್ಲಿನಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ ಮೈಮೇಲೆ ಉಳಿಯುತ್ತದೆ ಎಂದು ಹಿಡಿಯುತ್ತಾರೆ.

ಲೇಬಲ್ ಓದುವಲ್ಲೇ ಹೆಚ್ಚಿನವರು ಎಡವುವುದು. ಲಿಲಿಯಲ್ ಎಂಬ ಹೆಸರು ಡಬ್ಬಿಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಮೊದಲು ಹೇಳಿದ ಉದ್ದ ಹೆಸರನ್ನು (Butylphenyl Methylpropional) ಪಟ್ಟಿಯ ಕೊನೆಯ ಸಾಲುಗಳಲ್ಲಿ, ಲಿನಲೂಲ್, ಲಿಮೊನೀನ್, ಸಿಟ್ರೊನೆಲ್ಲಾಲ್‌ನಂಥ ಸುಗಂಧಗಳ ಹೆಸರಿನ ನಡುವೆ ಹುಡುಕಿ. ಬ್ಯುಟಿಲೀನ್ ಗ್ಲೈಕಾಲ್ ಕಂಡು ಹೆದರಬೇಡಿ, ಅದೇ ಬೇರೆ. ಲೈರಲ್ ಎಂಬ ಸುಗಂಧವೂ ಬೇರೆ: ಅದನ್ನು ಯುರೋಪಿನಲ್ಲಿ ನಿಲ್ಲಿಸಿದ್ದು ಚರ್ಮದ ಅಲರ್ಜಿಯ ಕಾರಣಕ್ಕೆ. ಯುರೋಪಿನ ಹಳೇ ಡಬ್ಬಿಯಾದರೆ ಕೆಲಸ ಸುಲಭ. ಹಚ್ಚಿ ಬಿಡುವ ವಸ್ತುವಿನಲ್ಲಿ ಶೇ. 0.001, ತೊಳೆಯುವ ವಸ್ತುವಿನಲ್ಲಿ ಶೇ. 0.01 ದಾಟಿದರೆ ಹೆಸರು ಬರೆಯಲೇಬೇಕಿತ್ತು. ನಮ್ಮ ಅಂಗಡಿಯ ಡಬ್ಬಿಗಳಲ್ಲಿ ಎಷ್ಟೋ ಸಲ ಕಾಣುವುದು "ಪರ್ಫ್ಯೂಮ್" ಅಥವಾ "ಫ್ರೇಗ್ರೆನ್ಸ್" ಎಂಬ ಒಂದೇ ಪದ. ಹೆಸರು ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದುಕೊಳ್ಳಬೇಡಿ. ಪ್ಯಾಕಿನ ಮೇಲಿನ ಗ್ರಾಹಕ ಸೇವೆಯ ವಿಳಾಸಕ್ಕೆ ಬರೆದು, ರಾಸಾಯನಿಕದ ಗುರುತಿನ ಸಂಖ್ಯೆ 80-54-6 ಕೊಟ್ಟು, ಇದೆಯೋ ಇಲ್ಲವೋ ಎಂದಷ್ಟೇ ಕೇಳಿ. ಸಂಖ್ಯೆ ಕೊಟ್ಟು ಕೇಳಿದರೆ ಹೆಸರಿನ ಗೊಂದಲಕ್ಕೆ ಎಡೆಯಿರುವುದಿಲ್ಲ.

"ಅನ್‌ಸೆಂಟೆಡ್" ಎಂದಿದ್ದರೂ ಮೂಲ ವಾಸನೆ ಮುಚ್ಚಲು ಸುಗಂಧ ಸೇರಿಸಿರಬಹುದು. "ಫ್ರೇಗ್ರೆನ್ಸ್ ಫ್ರೀ" ಎಂದಿರುವುದನ್ನೇ ಆರಿಸಿ, ಪಟ್ಟಿಯನ್ನೂ ಒಮ್ಮೆ ನೋಡಿ.

"ವರ್ಷಗಟ್ಟಲೆ ಬಳಸಿದೆ, ತುರಿಕೆ ಆಗಿಲ್ಲ, ಹಾಗಾದರೆ ನನಗೆ ಒಗ್ಗುತ್ತದೆ ಅಲ್ಲವೇ?" ಎಂದೂ ಕೇಳುತ್ತಾರೆ. ಮೊಣಕೈ ಒಳಮಡಿಕೆಗೆ ದಿನಕ್ಕೆರಡು ಸಲದಂತೆ ವಾರವಿಡೀ ಹಚ್ಚಿ ನೋಡಿದರೆ ಅಲರ್ಜಿಯ ಸುಳಿವು ಸಿಗಬಹುದು. ಸಂತಾನಶಕ್ತಿಯ ಮೇಲಿನ ಪರಿಣಾಮ ಚರ್ಮದಲ್ಲಿ ಕಾಣುವಂಥದ್ದಲ್ಲ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮನೆಯಲ್ಲಿ ಹುಡುಕುವಾಗ ಸೆಂಟಿನಿಂದ ಶುರುಮಾಡಿ, ಸಾಂದ್ರತೆ ಹೆಚ್ಚಿರುವುದು ಅಲ್ಲೇ. ವಿದೇಶದಿಂದ ನೆಂಟರು ತಂದುಕೊಟ್ಟು ಬೀರುವಿನಲ್ಲಿ ಉಳಿದ, 2022ಕ್ಕೆ ಹಿಂದಿನ ಬಾಟಲಿಗಳನ್ನು ಮೊದಲು ನೋಡಿ. ಬಿಸಾಡುವಾಗ ಸಿಂಕಿಗೆ ಸುರಿಯಬೇಡಿ, ಕಸದ ಜೊತೆ ಸುಡಬೇಡಿ, ಅದರಲ್ಲಿ ಬಹುಪಾಲು ಆಲ್ಕೊಹಾಲ್. ಮುಚ್ಚಳ ಬಿಗಿದು ಮನೆಯ ಅಪಾಯಕಾರಿ ಕಸದ ಜೊತೆ ಬೇರೆಯಾಗಿ ಕೊಡಿ. ಬಟ್ಟೆ ಮೃದುವಾಗಿಸುವ ದ್ರವ, ನೆಲ ಒರೆಸುವ ದ್ರವಗಳಿಗೆ ಯುರೋಪಿನಲ್ಲೂ ಪ್ರಸಾಧನದ ಕಾನೂನು ಅನ್ವಯಿಸುವುದಿಲ್ಲ, ಅಲ್ಲಿ ಸಾರ್ವಜನಿಕರಿಗೆ ಮಾರುವ ಮಿಶ್ರಣಕ್ಕೆ ಶೇ. 0.3ರ ಗೆರೆಯಿದೆ. ಅವನ್ನು ಬಳಸುವಾಗ ಮುಚ್ಚಳದ ಅಳತೆ ಮೀರಬೇಡಿ, ಕೈಗೆ ಗ್ಲೌಸ್ ಹಾಕಿ. ಮಗುವಿನ ಬಟ್ಟೆಗೆ ಮೃದುವಾಗಿಸುವ ದ್ರವವೇ ಬೇಡ, ಇನ್ನೊಂದು ಸಲ ಬರೀ ನೀರಿನಲ್ಲಿ ಜಾಲಿಸಿ.